ಅಭಿಮಾನಿಗಳ ಹಬ್ಬ

ಒಂದು ಕಲಾಕೃತಿಯನ್ನೋ ಕಲಾವಿದರನ್ನೋ ನೆನೆದು ಅಭಿಮಾನಿಗಳು ತಾವೇ ದಿನ ಗೊತ್ತುಮಾಡಿ, ತಾವೇ ಪಟ್ಟಿ ಕೂಡಿಸಿ, ವರ್ಷವರ್ಷವೂ ನಡೆಸಿಕೊಂಡು ಬರುವ ಆಚರಣೆಗೆ ಅಭಿಮಾನಿಗಳ ಹಬ್ಬ ಎನ್ನಬಹುದು. ಪಂಚಾಂಗದ ತಿಥಿಗೂ ಸರ್ಕಾರದ ರಜಾಪಟ್ಟಿಗೂ ಸಂಬಂಧವಿಲ್ಲದೆ ಇದು ಹುಟ್ಟುತ್ತದೆ. ಸಿನಿಮಾ, ದೂರದರ್ಶನ ಧಾರಾವಾಹಿ, ಕಾದಂಬರಿ, ರೇಡಿಯೊ ನಾಟಕ ಇವುಗಳ ಸುತ್ತ ಜಗತ್ತಿನ ನಾನಾ ಕಡೆ ಇಂಥ ಹಬ್ಬಗಳು ನಡೆಯುತ್ತವೆ. ಗೆದ್ದು, ಓಡಿ, ದಣಿದು ನಿಂತ ಕೃತಿಗಳಿಗಿಂತ ಅರ್ಧಕ್ಕೆ ನಿಂತುಹೋದವುಗಳ ಸುತ್ತಲೇ ಇವು ಗಟ್ಟಿಯಾಗಿ ಬೇರೂರುತ್ತವೆ. ಉಳಿದ ಕಥೆಯನ್ನು ಹೇಳುವವರು ಇಲ್ಲವಾದಾಗ ನೋಡುಗರೇ ಅದರ ವಾರಸುದಾರರಾಗುತ್ತಾರೆ.

ಇದಕ್ಕೆ ಹೊರನಾಡಿನ ಪ್ರಸಿದ್ಧ ಉದಾಹರಣೆ ಅಮೆರಿಕದ ವೈಜ್ಞಾನಿಕ ಕಥಾ ಧಾರಾವಾಹಿ ‘ಫೈರ್‌ಫ್ಲೈ’ಯ ಅಭಿಮಾನಿಗಳು ಆಚರಿಸುವ ಯೂನಿಫಿಕೇಶನ್ ಡೇ. ಕನ್ನಡ ನಾಡಿನಲ್ಲಿ ಇದಕ್ಕೆ ಸಮೀಪವಾದದ್ದು ನವೆಂಬರ್ 9ರಂದು ಆಟೋ ನಿಲ್ದಾಣಗಳಲ್ಲಿ ನಡೆಯುವ ನಟ-ನಿರ್ದೇಶಕ ಶಂಕರ್‌ನಾಗ್ ಹುಟ್ಟುಹಬ್ಬ. ಬೆಳಗಾವಿ ಜಿಲ್ಲೆಯ ಯರಗಟ್ಟಿ ಸೀಮೆಗೆ ಈ ಎರಡನೆಯದು ಬರೀ ಸಿನಿಮಾ ಸುದ್ದಿಯಲ್ಲ. ಬೆಳಗಾವಿಯಿಂದ ನೇಸರಗಿ, ಯರಗಟ್ಟಿ, ಸಾಲಹಳ್ಳಿ ದಾಟಿ ಬಾಗಲಕೋಟೆಗೆ ಹೋಗುವ ಹೆದ್ದಾರಿಯ ಮೇಲೆಯೇ ಲೋಕಾಪುರ ಇದೆ. ಶಂಕರ್‌ನಾಗ್ ಕೊನೆಯ ಬಾರಿ ಹೊರಟಿದ್ದು ಆ ಲೋಕಾಪುರಕ್ಕೆ, ಮತ್ತು ಅವರು ಮಾಡಬೇಕಿದ್ದ ಚಿತ್ರ ಈ ಸೀಮೆಯ ಹಳ್ಳಿದೇವರು ಜೋಕುಮಾರನ ಕಥೆ.

ಸೋತವರ ದಿನ

‘ಫೈರ್‌ಫ್ಲೈ’ 2002ರ ಸೆಪ್ಟೆಂಬರ್ 20ರ ಶುಕ್ರವಾರ ರಾತ್ರಿ ಫಾಕ್ಸ್ ವಾಹಿನಿಯಲ್ಲಿ ಮೊದಲು ಪ್ರಸಾರವಾಯಿತು. ಜಾಸ್ ವೀಡನ್ ಇದರ ಕರ್ತೃ. ಕಥೆ ನಡೆಯುವುದು 2517ರಲ್ಲಿ. ಭೂಮಿಯನ್ನು ಬಿಟ್ಟುಹೋದ ಮನುಷ್ಯರು ಬೇರೊಂದು ಗ್ರಹಮಂಡಲದಲ್ಲಿ ನೆಲೆಸಿದ್ದಾರೆ. ‘ಅಲಯನ್ಸ್’ ಎಂಬ ಬಲಾಢ್ಯ ಸರ್ಕಾರ ಗ್ರಹಗಳನ್ನೆಲ್ಲ ಒಂದೇ ಆಡಳಿತದಡಿ ತರಲು ಯುದ್ಧ ಹೂಡಿ ಗೆದ್ದಿದೆ. ಸೋತ ಸ್ವತಂತ್ರವಾದಿಗಳು ಕಂದು ಬಣ್ಣದ ಕೋಟು ತೊಟ್ಟು ಹೋರಾಡಿದವರು. ಅವರಲ್ಲೊಬ್ಬನಾದ ಮ್ಯಾಲ್ಕಮ್ ರೆನಾಲ್ಡ್ಸ್ ಒಂದು ಹಳೇ ಸರಕು ನೌಕೆ ಹಿಡಿದು, ಸಿಕ್ಕ ಬಾಡಿಗೆ ಹೊತ್ತು ಹೊಟ್ಟೆ ಹೊರೆಯುತ್ತಾನೆ. ಯುದ್ಧ ಮುಗಿದ ನೆನಪಿಗೆ ಗೆದ್ದ ಸರ್ಕಾರ ಮಾಡುವ ಹಬ್ಬವೇ ಯೂನಿಫಿಕೇಶನ್ ಡೇ, ಅಂದರೆ ಏಕೀಕರಣ ದಿನ. ಮೊದಲು ಪ್ರಸಾರವಾದ ಕಂತು ಶುರುವಾಗುವುದೇ ಆ ದಿನದಂದು: ಗೆದ್ದವರು ಹೆಂಡದಂಗಡಿಯಲ್ಲಿ ಸಂಭ್ರಮಿಸುತ್ತಿರುವಾಗ ಮ್ಯಾಲ್ಕಮ್ ಬೇಕೆಂದೇ ಅಲ್ಲಿಗೆ ಹೋಗಿ ಹೊಡೆದಾಟಕ್ಕೆ ಇಳಿಯುತ್ತಾನೆ.

ವಾಹಿನಿ ಈ ಧಾರಾವಾಹಿಯನ್ನು ನಡೆಸಿಕೊಂಡ ರೀತಿಯೇ ಅಭಿಮಾನಿಗಳ ಸಿಟ್ಟಿಗೆ ಮೂಲ. ಪಾತ್ರಗಳನ್ನೆಲ್ಲ ಪರಿಚಯಿಸುವ ಎರಡು ಗಂಟೆಯ ಮೊದಲ ಕಂತನ್ನು ಬದಿಗಿಟ್ಟು, ಬೇರೊಂದು ಕಂತನ್ನು ಮೊದಲಿಗೆ ಹಾಕಿದರು. ಉಳಿದವನ್ನೂ ಹಿಂದುಮುಂದು ಮಾಡಿದರು. ಜನ ಮನೆಯಲ್ಲಿರದ ಶುಕ್ರವಾರ ರಾತ್ರಿಯ ಹೊತ್ತು ಕೊಟ್ಟರು. ತಯಾರಾದ 14 ಕಂತುಗಳಲ್ಲಿ 11 ಮಾತ್ರ ಫಾಕ್ಸ್‌ನಲ್ಲಿ ಬಂದವು. ಕಥೆಯ ನಿಜವಾದ ಆರಂಭ ಪ್ರಸಾರವಾದದ್ದು ಡಿಸೆಂಬರ್ 20ರಂದು, ಧಾರಾವಾಹಿ ನಿಂತುಹೋಗುವ ಹೊತ್ತಿಗೆ. ನೋಡುಗರ ಸಂಖ್ಯೆ ಕಡಿಮೆಯಿತ್ತೆಂಬುದು ನಿಜ. ಆದರೆ ಕಥೆಯ ತಲೆಯನ್ನು ಬಾಲಕ್ಕೆ ಕಟ್ಟಿ ತೋರಿಸಿದ ಮೇಲೆ ಆ ಲೆಕ್ಕಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬ ಅಭಿಮಾನಿಗಳ ಪ್ರಶ್ನೆ ನ್ಯಾಯವಾದದ್ದೇ.

2003ರ ಡಿಸೆಂಬರ್‌ನಲ್ಲಿ ಎಲ್ಲ 14 ಕಂತುಗಳು ಸರಿಯಾದ ಕ್ರಮದಲ್ಲಿ ಡಿವಿಡಿಯಾಗಿ ಬಂದವು. ಮಾರಾಟ ಎಲ್ಲರ ನಿರೀಕ್ಷೆ ಮೀರಿತು. ಅದನ್ನು ನೋಡಿ ಯೂನಿವರ್ಸಲ್ ಸಂಸ್ಥೆ 2005ರಲ್ಲಿ ‘ಸೆರೆನಿಟಿ’ ಎಂಬ ಚಲನಚಿತ್ರ ತೆಗೆಯಿತು. ರದ್ದಾದ ಧಾರಾವಾಹಿಯೊಂದು ಅಭಿಮಾನಿಗಳ ಒತ್ತಾಸೆಯಿಂದ ಹಿರಿತೆರೆಗೆ ಏರುವುದು ಅಪರೂಪ. 2007ರಲ್ಲಿ ಗಗನಯಾನಿ ಸ್ಟೀವನ್ ಸ್ವಾನ್ಸನ್ ಧಾರಾವಾಹಿಯ ಮತ್ತು ಚಿತ್ರದ ಡಿವಿಡಿಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೇ ಒಯ್ದರು.

ತಮ್ಮನ್ನು ‘ಬ್ರೌನ್‌ಕೋಟ್ಸ್’ ಎಂದು ಕರೆದುಕೊಳ್ಳುವ ಅಭಿಮಾನಿಗಳು ಸೆಪ್ಟೆಂಬರ್ 20ನ್ನು ಯೂನಿಫಿಕೇಶನ್ ಡೇ ಎಂದು ಆಚರಿಸುತ್ತಾರೆ. ಕಥೆಯೊಳಗೆ ಅದು ಗೆದ್ದವರ ಹಬ್ಬ, ಕಥೆಯ ಹೊರಗೆ ಅದನ್ನು ಸೋತವರ ಕೋಟು ತೊಟ್ಟವರು ಮಾಡುತ್ತಾರೆ. ಕಂದು ಕೋಟು ತೊಟ್ಟು ಸೇರುವುದು, ಕಂತುಗಳನ್ನು ಒಟ್ಟಿಗೆ ನೋಡುವುದು, ಸಹಾಯಾರ್ಥ ಹಣ ಕೂಡಿಸುವುದು ಇವರ ಬಳಗದ ರೂಢಿ. 2006ರಿಂದ ಬೇಸಿಗೆಯಲ್ಲಿ ನಡೆದುಬಂದ ‘ಸೆರೆನಿಟಿ’ ಚಿತ್ರದ ಸಹಾಯಾರ್ಥ ಪ್ರದರ್ಶನಗಳ ಹಣ ಮಹಿಳೆಯರ ಹಕ್ಕುಗಳಿಗಾಗಿ ದುಡಿಯುವ ‘ಈಕ್ವಾಲಿಟಿ ನೌ’ ಸಂಸ್ಥೆಗೆ ಹೋಗಿದೆ.

ಸೋತ ಕಡೆಯವರು ತಮ್ಮ ದಿನವನ್ನು ತಾವೇ ಆರಿಸಿಕೊಳ್ಳುವುದು ಮಲಪ್ರಭೆಯ ದಂಡೆಯವರಿಗೆ ಹೊಸ ಮಾತಲ್ಲ. 1824ರ ಡಿಸೆಂಬರ್‌ನಲ್ಲಿ ಕಿತ್ತೂರು ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿ 2ರಂದು ತೀರಿಕೊಂಡರು. ಆದರೆ ಕಿತ್ತೂರು ಉತ್ಸವದ ದಿನ ಅವೆರಡೂ ಅಲ್ಲ. ಬ್ರಿಟಿಷ್ ಅಧಿಕಾರಿ ಥ್ಯಾಕರೆ ಹತನಾದ, ಕಿತ್ತೂರು ಗೆದ್ದ ಅಕ್ಟೋಬರ್ 23. ಇಂದು ಅದನ್ನು ಸರ್ಕಾರವೇ ನಡೆಸುತ್ತದೆ, ಚರಿತ್ರೆಗೂ ಕಟ್ಟುಕಥೆಗೂ ಹೋಲಿಕೆಯಿಲ್ಲ. ಆದರೂ ಯಾವ ದಿನವನ್ನು ನೆನೆಯಬೇಕು ಎಂಬ ಆಯ್ಕೆಯಲ್ಲಿ ಜನರ ಮನಸ್ಸು ಕೆಲಸ ಮಾಡುವ ರೀತಿ ಒಂದೇ. ಮುಗಿದ ದಿನಕ್ಕಿಂತ ತಲೆಯೆತ್ತಿ ನಿಂತ ದಿನ ಅವರಿಗೆ ದೊಡ್ಡದು.

ಇದೇ ಬಗೆಯ ಬೇರೆ ದಿನಗಳೂ ಇವೆ. ‘ಸ್ಟಾರ್ ಟ್ರೆಕ್’ ಧಾರಾವಾಹಿ 1966ರಿಂದ 1969ರವರೆಗೆ 79 ಕಂತು ನಡೆದು ನಿಂತಿತು. ನಡುವೆ ಒಮ್ಮೆ ರದ್ದಾಗುವ ಸುದ್ದಿ ಹಬ್ಬಿದಾಗ ಅಭಿಮಾನಿಗಳು ವಾಹಿನಿಗೆ ಕಾಗದಗಳ ಮಳೆ ಸುರಿಸಿದ್ದರು. ಮನುಷ್ಯರು ಅನ್ಯಗ್ರಹದವರನ್ನು ಮೊದಲು ಭೇಟಿಯಾದರೆಂದು 1996ರ ಅದರ ಚಲನಚಿತ್ರ ಹೇಳುವ ಏಪ್ರಿಲ್ 5 ಅದರ ಅಭಿಮಾನಿಗಳ ದಿನವಾಗಿದೆ. ಲೇಖಕ ಡಗ್ಲಸ್ ಆಡಮ್ಸ್ 2001ರ ಮೇ 11ರಂದು ತೀರಿಕೊಂಡಾಗ ಎರಡು ವಾರದೊಳಗೆ, ಮೇ 25ರಂದು, ಅವರ ಓದುಗರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಓಡಾಡಿದರು. ಅವರ ಕಥೆಯಲ್ಲಿ ಗಗನಸಂಚಾರಿಗೆ ಅತ್ಯಗತ್ಯವಾದ ವಸ್ತು ಅದು. ಭಾರತದಲ್ಲಿ ದೂರದರ್ಶನ ‘ಸ್ಪೇಸ್ ಸಿಟಿ ಸಿಗ್ಮಾ’, ‘ಕ್ಯಾಪ್ಟನ್ ವ್ಯೋಮ್’ನಂಥ ವೈಜ್ಞಾನಿಕ ಕಥಾ ಧಾರಾವಾಹಿಗಳನ್ನು ಕೊಟ್ಟಿತು. ಅವುಗಳನ್ನು ನೋಡಿ ಬೆಳೆದವರು ಇಂದಿಗೂ ಆಸೆಯಿಂದ ನೆನೆಯುತ್ತಾರೆ, ಆದರೆ ಅವುಗಳ ಹೆಸರಿನಲ್ಲಿ ಹಬ್ಬ ಬೇರೂರಲಿಲ್ಲ. ನಮ್ಮಲ್ಲಿ ಅಭಿಮಾನ ಕಥೆಗಿಂತ ಕಲಾವಿದರಿಗೇ ಹೆಚ್ಚು ಅಂಟಿಕೊಳ್ಳುತ್ತದೆ.

ನವೆಂಬರ್ 9

ಶಂಕರ್‌ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರ ಸೀಮೆಯಲ್ಲಿ. ಅಣ್ಣ ಅನಂತನಾಗ್ ಅವರಂತೆ ಮುಂಬಯಿಗೆ ಹೋಗಿ ರಂಗಭೂಮಿಯಲ್ಲಿ ಪಳಗಿದರು. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಗಂಡುಗಲಿಯಾಗಿ ಕನ್ನಡ ತೆರೆಗೆ ಬಂದರು. ಆ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿತು. ಅಲ್ಲಿಂದ ಮುಂದಿನ ಹನ್ನೆರಡು ವರ್ಷಗಳಲ್ಲಿ ಅವರು ಮಾಡಿದ ಕೆಲಸದ ಪಟ್ಟಿ ನೋಡಿದರೆ ಒಬ್ಬರ ಆಯುಷ್ಯಕ್ಕೆ ಅದು ಹೆಚ್ಚೆನಿಸುತ್ತದೆ. ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ‘ಮಿಂಚಿನ ಓಟ’, ‘ಗೀತಾ’, ‘ಆಕ್ಸಿಡೆಂಟ್’ ನಿರ್ದೇಶಿಸಿದರು. 1987ರ ‘ಒಂದು ಮುತ್ತಿನ ಕಥೆ’ಗಾಗಿ ರಾಜ್‌ಕುಮಾರ್ ಅವರನ್ನು ಸಮುದ್ರದಾಳಕ್ಕೆ ಇಳಿಸಿ ಚಿತ್ರಿಸಿದರು. ‘ಸಂಕೇತ್’ ಎಂಬ ನಾಟಕ ತಂಡ ಕಟ್ಟಿದರು, ಅದೇ ಹೆಸರಿನ ಧ್ವನಿಮುದ್ರಣ ಸ್ಟುಡಿಯೊವನ್ನು ಬೆಂಗಳೂರಿನಲ್ಲಿ ತೆರೆದರು.

ಆರ್.ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಅವರು ದೂರದರ್ಶನಕ್ಕೆ ಮಾಡಿಕೊಟ್ಟ ‘ಮಾಲ್ಗುಡಿ ಡೇಸ್’ನ 39 ಕಂತುಗಳು ದೇಶಕ್ಕೆಲ್ಲ ಅವರ ಹೆಸರನ್ನು ಮುಟ್ಟಿಸಿದವು. ಆಗುಂಬೆಯ ದೊಡ್ಡಮನೆ ಅದರಲ್ಲಿ ಸ್ವಾಮಿಯ ಮನೆಯಾಯಿತು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ಸ್ಟೇಷನ್ನು ಮಾಲ್ಗುಡಿಯ ರೈಲು ನಿಲ್ದಾಣವಾಯಿತು. 2006ರಲ್ಲಿ ಕವಿತಾ ಲಂಕೇಶ್ ಇನ್ನೂ 15 ಕಂತು ನಿರ್ದೇಶಿಸಿ ಸರಣಿಯನ್ನು ಮುಂದುವರಿಸಿದರು. ಅರಸಾಳಿನ ಹಳೆಯ ನಿಲ್ದಾಣ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಅಭಿಮಾನಿಗಳಿಗೆ ಹೋಗಿ ನಿಲ್ಲಲು ಒಂದು ಜಾಗ ಬೇಕಾಗುತ್ತದೆ. ಇಲ್ಲಿ ರೈಲ್ವೆ ಇಲಾಖೆಯೇ ಅದನ್ನು ಉಳಿಸಿಕೊಟ್ಟಿದ್ದು ಸಮಾಧಾನದ ಸಂಗತಿ.

ಆದರೆ ನವೆಂಬರ್ 9ನ್ನು ಹಬ್ಬವಾಗಿಸಿದವರು ‘ಮಾಲ್ಗುಡಿ’ಯ ನೋಡುಗರಲ್ಲ, ಆಟೋ ಚಾಲಕರು. 1980ರಲ್ಲಿ ವಿಜಯ್ ನಿರ್ದೇಶನದ ‘ಆಟೋ ರಾಜ’ ತೆರೆಗೆ ಬಂತು. ಖಾಕಿ ಅಂಗಿ ತೊಟ್ಟು ಮೂರು ಗಾಲಿಯ ಗಾಡಿ ಓಡಿಸುವವನೇ ಅದರ ನಾಯಕ. ದಿನವಿಡೀ ಬಿಸಿಲಲ್ಲಿ ದುಡಿದು, ಪೊಲೀಸರಿಂದಲೂ ಪ್ರಯಾಣಿಕರಿಂದಲೂ ಮಾತು ಕೇಳಿಸಿಕೊಳ್ಳುವ ಚಾಲಕರಿಗೆ ತಮ್ಮ ಕಸುಬಿನ ಮರ್ಯಾದೆ ಮೊದಲ ಸಲ ತೆರೆಯ ಮೇಲೆ ಕಂಡಿತು. ಆ ಉಪಕಾರವನ್ನು ಅವರು ಮರೆತಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ಆಟೋಗಳ ಹಿಂಬದಿಯಲ್ಲಿ ಶಂಕರಣ್ಣನ ಚಿತ್ರ ಇದ್ದೇ ಇರುತ್ತದೆ, ನಿಲ್ದಾಣಗಳಿಗೆ ಅವರ ಹೆಸರಿದೆ. ಈಗ ಆಟೋ ಓಡಿಸುವ ಎಷ್ಟೋ ಹುಡುಗರು 1990ರ ನಂತರ ಹುಟ್ಟಿದವರು. ಶಂಕರ್‌ನಾಗ್ ಅವರನ್ನು ಕಣ್ಣಾರೆ ಕಾಣದವರು ಅವರನ್ನು ಅಣ್ಣ ಎನ್ನುತ್ತಾರೆ.

ಆಚರಣೆಯ ವಿಧಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ರಾಜ್ಯೋತ್ಸವಕ್ಕೆ ಕಟ್ಟಿದ ಹಳದಿ-ಕೆಂಪು ಬಾವುಟ, ಪರಪರಿ ಇನ್ನೂ ನಿಲ್ದಾಣದಲ್ಲಿ ಹಾರಾಡುತ್ತಿರುತ್ತವೆ. ಬೆಳಿಗ್ಗೆ ಗಾಡಿ ತೊಳೆದು, ಮುಂದಿನ ಗಾಜಿಗೆ ಚೆಂಡುಹೂವಿನ ಮಾಲೆ ಹಾಕಿ, ಎರಡೂ ಬದಿಗೆ ಬಾಳೆಕಂದು ಕಟ್ಟುತ್ತಾರೆ. ಕುರ್ಚಿಯ ಮೇಲೆ ಬಿಳಿ ಬಟ್ಟೆ ಹಾಸಿ ಫೋಟೊ ಇಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಾರೆ. ಸ್ಪೀಕರ್‌ನಲ್ಲಿ ‘ಗೀತಾ’ದ ಹಾಡು. ಹತ್ತು ಗಂಟೆಯ ಹೊತ್ತಿಗೆ ದೊಡ್ಡ ಪಾತೇಲಿಯಲ್ಲಿ ಪಲಾವು, ಪಕ್ಕದಲ್ಲಿ ಕೇಸರಿ ಬಣ್ಣದ ಸಿರಾ ಇಳಿಯುತ್ತವೆ. ಬಸ್ಸಿಗೆ ನಿಂತವರು, ಸಂತೆಗೆ ಬಂದವರು, ಶಾಲೆಯ ಮಕ್ಕಳು ಎಲ್ಲರ ಕೈಗೂ ಎಲೆ ಬರುತ್ತದೆ. ಉತ್ತರ ಕರ್ನಾಟಕದ ಊರುಗಳಲ್ಲಿ ಆಟೋಗಳ ಸಾಲಿಗೆ ಹಳ್ಳಿ ಹಾದಿಯ ಟಂಟಂ ಗಾಡಿಗಳೂ ಸೇರುತ್ತವೆ. ದೊಡ್ಡ ಊರುಗಳಲ್ಲಿ ರಕ್ತದಾನ ಶಿಬಿರ ನಡೆಯುತ್ತದೆ. ಚಾಲಕರ ಸಂಘಗಳು ಇದನ್ನು ಚಾಲಕರ ದಿನವೆಂದೂ ಕರೆಯುತ್ತವೆ. ದುಡಿಮೆಯ ಒಂದು ಹೊತ್ತನ್ನು ಬಿಟ್ಟುಕೊಟ್ಟು, ಕಿಸೆಯ ಹಣ ಹಾಕಿ ಮಾಡುವ ಹಬ್ಬ ಇದು. ಹಾಗಾಗಿ ಇದರ ತೂಕ ದೊಡ್ಡ ಜಾಹೀರಾತಿನ ಸಮಾರಂಭಗಳಿಗಿಂತ ಹೆಚ್ಚು.

1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆ ಸಮೀಪದ ಆನಗೋಡಿನಲ್ಲಿ ಕಾರು ಅಪಘಾತಕ್ಕೀಡಾಗಿ ಶಂಕರ್‌ನಾಗ್ ತೀರಿಕೊಂಡರು. ವಯಸ್ಸು 35. ಹೆಂಡತಿ ಅರುಂಧತಿ ಮತ್ತು ಮಗಳು ಜೊತೆಗಿದ್ದರು, ಇಬ್ಬರೂ ಉಳಿದರು. ಹೋಗುತ್ತಿದ್ದದ್ದು ಲೋಕಾಪುರಕ್ಕೆ, ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆ. ಶಂಕರ್‌ನಾಗ್ ಅಭಿನಯದ ಆ ಜೋಕುಮಾರಸ್ವಾಮಿಯನ್ನು ಕನ್ನಡಿಗರು ತೆರೆಯ ಮೇಲೆ ನೋಡಲಿಲ್ಲ. ಅವರ ತಲೆಯಲ್ಲಿದ್ದ ಬೇರೆ ಯೋಜನೆಗಳ ಬಗ್ಗೆ ಒಡನಾಡಿಗಳು ಇಂದಿಗೂ ಹೇಳುತ್ತಾರೆ: ಬೆಂಗಳೂರಿಗೆ ಮೆಟ್ರೊ ರೈಲು, ನಂದಿಬೆಟ್ಟಕ್ಕೆ ರೋಪ್‌ವೇ, ಬಡವರಿಗೆ ಕಡಿಮೆ ಖರ್ಚಿನ ಮನೆ. ಎಂಬತ್ತರ ದಶಕದಲ್ಲಿ ಅವು ವೈಜ್ಞಾನಿಕ ಕಥೆಯಂತೆ ಕೇಳಿಸಿದ್ದವು. ಬೆಂಗಳೂರಿನಲ್ಲಿ ಮೆಟ್ರೊ ಓಡಿದ್ದು 2011ರ ಅಕ್ಟೋಬರ್ 20ರಂದು. ಇನ್ನೊಂದು ಕನಸಾದ ರಂಗಮಂದಿರವನ್ನು ಅರುಂಧತಿ ನಾಗ್ ಕಟ್ಟಿ ನಿಲ್ಲಿಸಿದರು: ಜೆ.ಪಿ. ನಗರದ ‘ರಂಗಶಂಕರ’, 2004. ಅಭಿಮಾನಿಗಳು ಸಾವಿನ ದಿನವನ್ನು ಬಿಟ್ಟು ಹುಟ್ಟಿದ ದಿನವನ್ನೇ ಹಿಡಿದುಕೊಂಡಿದ್ದಾರೆ.

ಏಳು ದಿನದ ದೇವರು

ಅಂದು ಚಿತ್ರವಾಗಬೇಕಿದ್ದ ‘ಜೋಕುಮಾರಸ್ವಾಮಿ’ ಚಂದ್ರಶೇಖರ ಕಂಬಾರರ 1972ರ ನಾಟಕ. ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಈ ಸೀಮೆಯ ಮಾತು, ಸಣ್ಣಾಟ-ದೊಡ್ಡಾಟಗಳ ಲಯ, ಯರಗಟ್ಟಿಗೆ ದೂರವಲ್ಲದ ಕುಲಗೋಡ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ದ ಪರಂಪರೆ ಇವೆಲ್ಲ ಅವರ ನಾಟಕದ ಬೆನ್ನಿಗಿವೆ. ಬಿ.ವಿ. ಕಾರಂತರು ಅದನ್ನು ಬೆಂಗಳೂರಿನಲ್ಲಿ ಬಯಲು ರಂಗಕ್ಕೆ ತಂದಾಗ ಕನ್ನಡ ರಂಗಭೂಮಿಯ ದಾರಿಯೇ ಹೊರಳಿತು. ನಾಟಕದಲ್ಲಿ ಗೌಡನಿಗೆ ಭೂಮಿ ಇದೆ, ಉಳುವ ತ್ರಾಣವಿಲ್ಲ. ಹೆಂಡತಿ ಇದ್ದಾಳೆ, ಮಗುವಿಲ್ಲ. ಗೌಡತಿ ಜೋಕುಮಾರಸ್ವಾಮಿಯನ್ನು ಪೂಜಿಸುತ್ತಾಳೆ. ಉಳುವವನೇ ಒಡೆಯ ಎನ್ನುವ ಬಸಣ್ಣ ಅವಳಿಗೆ ಸಿಗುತ್ತಾನೆ. ಗೌಡನ ಕಡೆಯವರು ಬಸಣ್ಣನನ್ನು ಕೊಲ್ಲುತ್ತಾರೆ, ಆದರೆ ಅವನ ಬೀಜ ಉಳಿಯುತ್ತದೆ.

ಈ ಕಥೆಯ ಹಿಂದಿರುವ ಜೋಕುಮಾರ ಸವದತ್ತಿ, ರಾಮದುರ್ಗ, ಬೈಲಹೊಂಗಲದ ಹಳ್ಳಿಗಳಲ್ಲಿ ಭಾದ್ರಪದ ಮಾಸದಲ್ಲಿ ಬರುವ ದೇವರು. ಗಣಪತಿಯ ನಂತರ, ಅಷ್ಟಮಿಯ ಹೊತ್ತಿಗೆ ಹುಟ್ಟಿ ಹುಣ್ಣಿಮೆಗೆ ಸಾಯುತ್ತಾನೆ. ಆಯುಷ್ಯ ಏಳು ದಿನ. ಅಂಬಿಗರ ಮನೆತನದ ಹೆಣ್ಣುಮಕ್ಕಳು ಮಣ್ಣಿನ ಮೂರ್ತಿಯನ್ನು ಬಿದಿರ ಬುಟ್ಟಿಯಲ್ಲಿ ಬೇವಿನ ತಪ್ಪಲು ಹಾಸಿ ಕೂರಿಸುತ್ತಾರೆ. ದೊಡ್ಡ ಕಣ್ಣು, ಹುರಿಮೀಸೆ, ತೆರೆದ ಬಾಯಿಗೆ ಮೆತ್ತಿದ ಬೆಣ್ಣೆ. ಬುಟ್ಟಿ ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ಅಂಗಳದಲ್ಲಿ ಇಳಿಸಿ, ಸುತ್ತ ಕುಳಿತು ಅವನ ಹುಟ್ಟು, ತುಂಟತನ, ಪುಂಡಾಟಗಳನ್ನು ಹಾಡುತ್ತಾರೆ. ಮನೆಯವರು ಮರದಲ್ಲಿ ಜೋಳ ತಂದು ನೀಡಿದರೆ ಒಂದಿಷ್ಟು ನುಚ್ಚು, ಬೇವಿನ ಎಲೆ, ಕಾಡಿಗೆ ತಿರುಗಿ ಸಿಗುತ್ತವೆ. ಆ ನುಚ್ಚನ್ನು ಒಯ್ದು ಹೊಲಕ್ಕೆ ಚೆಲ್ಲುತ್ತಾರೆ. ಬೆಳೆ ಹುಲುಸಾಗುತ್ತದೆಂಬ ನಂಬಿಕೆ. ಹುಣ್ಣಿಮೆಯ ರಾತ್ರಿ ಅವನನ್ನು ಒನಕೆಯಿಂದ ಕುಟ್ಟಿ ಹಳ್ಳದಲ್ಲಿ ಬಿಡುತ್ತಾರೆ. ಅಗಸರು ಕೆಲವು ದಿನ ಅಲ್ಲಿ ಬಟ್ಟೆ ಒಗೆಯಲು ಹೋಗುವುದಿಲ್ಲ.

ಹಳ್ಳಿಗರು ಹೇಳುವ ಒಂದು ಕಥೆಯಲ್ಲಿ ಗಣಪತಿ ಕಡಬು ಹೋಳಿಗೆ ಉಂಡು ಹೋಗಿ ಭೂಲೋಕದಲ್ಲಿ ಎಲ್ಲ ಸುಖವಾಗಿದೆ ಎಂದು ಶಿವನಿಗೆ ಹೇಳುತ್ತಾನೆ. ಬಡವರ ಮನೆಗಳನ್ನು ಸುತ್ತಿ, ಬೈಸಿಕೊಂಡು, ಹೊಡೆಸಿಕೊಂಡು ಸತ್ತ ಜೋಕುಮಾರ ಹೋಗಿ ಮಳೆಯಿಲ್ಲದೆ ಜನ ಕಂಗಾಲಾಗಿದ್ದಾರೆಂದು ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಆಗ ಶಿವ ಮಳೆ ಕಳಿಸುತ್ತಾನೆ. ಹಿಂಗಾರಿಗೆ ಕಾಯುವ ಬಯಲುಸೀಮೆಯವರಿಗೆ ಇದು ಮೋಜಿನ ಕಥೆಯಲ್ಲ, ಜೀವನದ ಪ್ರಶ್ನೆ.

ಜೋಕುಮಾರನ ಆಚರಣೆಯನ್ನು ಅಭಿಮಾನಿಗಳ ಹಬ್ಬ ಎನ್ನಲಾಗದು. ಅದು ಒಕ್ಕಲುತನದ ಫಲವಂತಿಕೆಯ ವ್ರತ, ಅದರ ವಯಸ್ಸು ಯಾರೂ ಅರಿಯರು. ಆದರೆ ಅಲ್ಪಾಯುಷಿಯನ್ನು ವರ್ಷಕ್ಕೊಮ್ಮೆ ಕರೆತಂದು, ಅವನ ಹೆಸರಿನಲ್ಲಿ ಕಾಳು ಕೂಡಿಸಿ, ಮನೆಮನೆಗೂ ಏನಾದರೂ ಹಂಚಿ ಕಳಿಸುವ ಪದ್ಧತಿ ಈ ನೆಲದಲ್ಲಿ ಮೊದಲಿನಿಂದಲೂ ಇತ್ತು. ಆಟೋ ನಿಲ್ದಾಣದ ಅನ್ನದಾನ ಅದೇ ಮಣ್ಣಿನಲ್ಲಿ ಚಿಗುರಿದ್ದೆಂದು ಭಾವಿಸಲು ಕಾರಣವಿದೆ. ಫೈರ್‌ಫ್ಲೈ ಅಭಿಮಾನಿಗಳು ಒಂದೊಂದು ಊರಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರು ಹೊಸ ಪದ್ಧತಿಯನ್ನು ಬುಡದಿಂದ ಕಟ್ಟಿಕೊಳ್ಳಬೇಕಾಯಿತು. ನಮ್ಮ ಚಾಲಕರಿಗೆ ಜಯಂತಿ, ಜಾತ್ರೆ, ದಾಸೋಹದ ರೂಢಿ ಕೈಗೆಟುಕುವಂತೆ ಸಿದ್ಧವಿತ್ತು.

ಇತ್ತೀಚಿನ ಬೆಳವಣಿಗೆ

ಕನ್ನಡದಲ್ಲಿ ಏಪ್ರಿಲ್ 24ರ ರಾಜ್‌ಕುಮಾರ್ ಜನ್ಮದಿನ, ಸೆಪ್ಟೆಂಬರ್ 18ರ ವಿಷ್ಣುವರ್ಧನ್ ಜನ್ಮದಿನಗಳೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತವೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಈ ಪರಂಪರೆಗೆ ಹೊಸ ತಿರುವು ಬಂತು. ಅವರ ‘ಜೇಮ್ಸ್’ ಚಿತ್ರದ ಡಬ್ಬಿಂಗ್ ಉಳಿದಿತ್ತು. ಅಣ್ಣ ಶಿವರಾಜ್‌ಕುಮಾರ್ ತಮ್ಮನ ಪಾತ್ರಕ್ಕೆ ದನಿ ಕೊಟ್ಟು, 2022ರ ಮಾರ್ಚ್ 17ರಂದು, ಪುನೀತ್ ಹುಟ್ಟಿದ ದಿನವೇ, ಚಿತ್ರ ಬಿಡುಗಡೆಯಾಯಿತು. ಮುಂದೆ ಸರ್ಕಾರ ಆ ದಿನವನ್ನು ‘ಸ್ಫೂರ್ತಿ ದಿನ’ ಎಂದಿತು. ಅಭಿಮಾನಿಗಳ ದಿನ ಸರ್ಕಾರದ ದಿನವಾದರೆ ಹಾರ-ತುರಾಯಿ ಹೆಚ್ಚಿ, ಪಟ್ಟಿ ಕೂಡಿಸಿದವರು ಹಿಂದಿನ ಸಾಲಿಗೆ ಸರಿಯುವ ಭಯವಿದೆ. ನವೆಂಬರ್ 9 ಇನ್ನೂ ಬಹುಮಟ್ಟಿಗೆ ಚಾಲಕರ ಕೈಯಲ್ಲೇ ಉಳಿದಿರುವುದು ಅದರ ಭಾಗ್ಯ. ಪುನೀತ್ ವಿಷಯದಲ್ಲಿ ಆ ಭಯವನ್ನು ಅಭಿಮಾನಿಗಳೇ ದೂರ ಇಟ್ಟಿದ್ದಾರೆ. ತಂದೆ ರಾಜ್‌ಕುಮಾರ್ ಅವರಂತೆ ಪುನೀತ್ ಕೂಡ ಕಣ್ಣು ದಾನ ಮಾಡಿ ಹೋದ ಮೇಲೆ ರಾಜ್ಯದಲ್ಲಿ ನೇತ್ರದಾನಕ್ಕೆ ಹೆಸರು ಬರೆಸುವವರ ಸಂಖ್ಯೆ ಒಮ್ಮೆಲೇ ಏರಿತು. ಹಲವು ಊರುಗಳ ಮಾರ್ಚ್ 17ರ ಆಚರಣೆಯಲ್ಲಿ ಈಗ ಅನ್ನದಾನದ ಜೊತೆಗೆ ನೇತ್ರದಾನದ ಹೆಸರು ನೋಂದಣಿಯೂ ನಡೆಯುತ್ತದೆ.